ಮದ್ದಿಗೆ ಬಗ್ಗದ ಕೋಶ: ವೈದ್ಯರಿಗೆ ಗಣಿತ ಹೇಳಿಕೊಟ್ಟ ಪಾಠ

(ಸಂಘದ ಸ್ಥಾಪನಾ ದಿನೋತ್ಸವದ ಅಂಗವಾಗಿ ಮನಾಮಾದಲ್ಲಿ ಏರ್ಪಟ್ಟ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಇಂದಿನ ಕಾರ್ಯಕ್ರಮದಲ್ಲಿ ನೃತ್ಯವಿದೆ, ಯಕ್ಷಗಾನವಿದೆ, ಕೊನೆಯಲ್ಲಿ ಹೋಳಿಗೆ ಊಟವಿದೆ. ಇಂಥ ಶುಭದಿನದಲ್ಲಿ ಅರ್ಬುದ ರೋಗದ ಮಾತೇಕೆ, ಅದರ ಜೊತೆಗೆ ಗಣಿತದ ಮಾತು ಇನ್ನೇಕೆ ಎಂದು ತಾವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ನಾವು ಗಣಿತಜ್ಞರಲ್ಲ. ಪಿಯುಸಿಯ ಗಣಿತ ಪರೀಕ್ಷೆ ಮುಗಿದ ದಿನ, ಇನ್ನು ಈ ಜನ್ಮದಲ್ಲಿ ಕ್ಯಾಲ್ಕ್ಯುಲಸ್‌ನ ಮುಖ ನೋಡಬೇಕಾಗಿಲ್ಲವೆಂದು ನೆಮ್ಮದಿಯಿಂದ ಎಂ.ಬಿ.ಬಿ.ಎಸ್. ಸೇರಿದವರು. ಆಮೇಲೆ ರೆಸಿಡೆನ್ಸಿ ಮುಗಿಸಿ, ಈ ದ್ವೀಪಕ್ಕೆ ಬಂದು, ಜ್ವರ, ಸಕ್ಕರೆ ಕಾಯಿಲೆ, ರಕ್ತದೊತ್ತಡ ನೋಡಿಕೊಂಡಿರುವ ಫಿಜಿಷಿಯನ್ನರು. ಅರ್ಬುದ ತಜ್ಞರೂ ಅಲ್ಲ. ಆದರೆ ಒಬ್ಬ ರೋಗಿ ನಮ್ಮನ್ನು ಮತ್ತೆ ಲೆಕ್ಕದ ಪುಸ್ತಕದ ಮುಂದೆ ಕೂರಿಸಿದರು. ಅವರ ಕಥೆಯಿಂದಲೇ ಆರಂಭಿಸುತ್ತೇವೆ.

ಅವರು ಕುಂದಾಪುರದ ಕಡೆಯವರು. ಇಲ್ಲಿ ಕ್ರೇನ್ ನಡೆಸುವ ಕೆಲಸ. ವಯಸ್ಸು ಇನ್ನೂ ನಲವತ್ತು ತುಂಬಿರಲಿಲ್ಲ. ಸುಸ್ತು, ಎಡಗಡೆ ಹೊಟ್ಟೆ ಭಾರ ಎಂದು ಬಂದರು. ರಕ್ತ ಪರೀಕ್ಷೆ ಮಾಡಿಸಿದಾಗ ಬಿಳಿ ಕಣಗಳು ಮಿತಿಮೀರಿ ಏರಿದ್ದವು. ಮುಂದಿನ ಪರೀಕ್ಷೆಗಳಲ್ಲಿ ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ, ಸಂಕ್ಷೇಪವಾಗಿ ಸಿ.ಎಂ.ಎಲ್., ಎಂಬ ರಕ್ತದ ಅರ್ಬುದವೆಂದು ತಿಳಿಯಿತು. ಪಾಶ್ಚಾತ್ಯ ದೇಶಗಳಲ್ಲಿ ಇದು ಹೆಚ್ಚಾಗಿ ಅರವತ್ತರ ಆಸುಪಾಸಿನವರನ್ನು ಹಿಡಿಯುವ ರೋಗ. ನಮ್ಮ ದೇಶದಲ್ಲಿ ಮೂವತ್ತು, ನಲವತ್ತರಲ್ಲೇ ಕಾಣಿಸಿಕೊಳ್ಳುವುದು ಹೆಚ್ಚು. ಎಂದರೆ ಕೊಲ್ಲಿಗೆ ಬಂದು ದುಡಿಯುವ ವಯಸ್ಸಿನಲ್ಲೇ.

ಅದೃಷ್ಟವಶಾತ್ ಈ ರೋಗಕ್ಕೆ ಒಳ್ಳೆಯ ಮದ್ದಿದೆ. 2001ರಲ್ಲಿ ಅಮೆರಿಕದಲ್ಲಿ ಮಂಜೂರಾದ ಇಮ್ಯಾಟಿನಿಬ್ ಎಂಬ ಮಾತ್ರೆ, ರೋಗಕೋಶವನ್ನು ಬೆಳೆಸುವ ದುಷ್ಟ ಪ್ರೋಟೀನಿನ ಬಾಯಿಗೆ ಬೀಗ ಹಾಕಿದಂತೆ ಕೂರುತ್ತದೆ. ಒಂದು ಕಾಲದಲ್ಲಿ ಇದರ ಮೂಲ ಬ್ರಾಂಡಿನ ಬೆಲೆ ಭಾರತದಲ್ಲಿ ತಿಂಗಳಿಗೆ ಲಕ್ಷ ರೂಪಾಯಿ ಮೀರಿತ್ತು. ಭಾರತೀಯ ಕಂಪೆನಿಗಳು ತಯಾರಿಸಿದ ಅದೇ ಮದ್ದು ಅದರ ಹತ್ತರಲ್ಲೊಂದು ಭಾಗಕ್ಕೆ ಸಿಗುವಂತಾಯಿತು. ಪೇಟೆಂಟಿನ ವ್ಯಾಜ್ಯ 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟಿನಲ್ಲಿ ಇತ್ಯರ್ಥವಾಗಿ, ಅಗ್ಗದ ಮಾತ್ರೆಯ ದಾರಿ ತೆರೆದೇ ಉಳಿಯಿತು. ನಮ್ಮ ರೋಗಿಯೂ ಊರಿನಿಂದ ಬರುವವರ ಪೆಟ್ಟಿಗೆಯಲ್ಲಿ ಮಾತ್ರೆ ತರಿಸಿಕೊಳ್ಳುತ್ತಿದ್ದರು.

ಮೂರು ತಿಂಗಳಲ್ಲಿ ಬಿಳಿ ಕಣಗಳ ಸಂಖ್ಯೆ ಸರಿಹೋಯಿತು. ಹೊಟ್ಟೆಯ ಭಾರ ಇಳಿಯಿತು. ರಿಪೋರ್ಟು ನೋಡಿ ನಾವು “ತುಂಬ ಚೆನ್ನಾಗಿದೆ” ಎಂದೆವು. ಅವರು ನಕ್ಕರು. “ಹಂಗಾದ್ರೆ ಇನ್ನೆಂತಕ್ಕೆ ಡಾಕ್ಟ್ರೇ ಮದ್ದು?” ಎಂದು ಕೇಳಿದರು. “ತಪ್ಪದೆ ತೆಗೆದುಕೊಳ್ಳಬೇಕು” ಎಂದಷ್ಟೇ ಹೇಳಿ ಮುಂದಿನ ರೋಗಿಯನ್ನು ಕರೆದೆವು. ಏಕೆಂದು ವಿವರಿಸಲಿಲ್ಲ. ಆ ವರ್ಷ ಅವರ ತಂಗಿಯ ಮದುವೆ. ಅವರು ಒಂದು ದಿನ ಬಿಟ್ಟು ಒಂದು ದಿನ ಮಾತ್ರೆ ನುಂಗಿ, ಒಂದು ತಿಂಗಳ ಮದ್ದನ್ನು ಎರಡು ತಿಂಗಳಿಗೆ ಎಳೆಯುತ್ತಿದ್ದರೆಂಬುದು ನಮಗೆ ಗೊತ್ತಾದದ್ದು ಒಂದೂವರೆ ವರ್ಷದ ಮೇಲೆ, ಬಿಳಿ ಕಣಗಳು ಮತ್ತೆ ಏರಿದಾಗ. ಆ ಹೊತ್ತಿಗೆ ರೋಗ ಇಮ್ಯಾಟಿನಿಬ್‌ಗೆ ಬಗ್ಗದಂತಾಗಿತ್ತು. ಮದ್ದು ಬದಲಾಯಿತು, ಊರಿಗೆ ಮರಳಿದರು, ಜೀವ ಉಳಿಯಿತು. ಆದರೆ ಕ್ರೇನಿನ ಕೆಲಸಕ್ಕೆ ಮರಳಿ ಬರಲಾಗಲಿಲ್ಲ.

ತಪ್ಪು ಅವರದು ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಅವರು ಕೇಳಿದ ಪ್ರಶ್ನೆಗೆ ನಮ್ಮಲ್ಲಿ ಸರಿಯಾದ ಉತ್ತರವಿರಲಿಲ್ಲ ಎಂಬುದೇ ನಿಜ. ಎಲ್ಲವೂ ಸರಿಯಾಗಿ ಕಾಣುವಾಗ ಮದ್ದು ಏಕೆ ಬೇಕು? ಉತ್ತರ ಹುಡುಕುತ್ತ ಹೋದಾಗ, ಅದು ವೈದ್ಯಶಾಸ್ತ್ರದ ಪುಸ್ತಕಕ್ಕಿಂತ ಗಣಿತದ ಪುಸ್ತಕದಲ್ಲೇ ಸ್ಪಷ್ಟವಾಗಿ ಸಿಕ್ಕಿತು.

ರೋಗವನ್ನು ಲೆಕ್ಕದಿಂದ ಹಿಡಿಯುವ ಪ್ರಯತ್ನ ಹೊಸದಲ್ಲ. ಅದರ ಹಿರಿಯರೊಬ್ಬರು ನಮ್ಮ ಬೆಂಗಳೂರಿನಲ್ಲೇ ಇದ್ದವರು. ಸೇನೆಯ ವೈದ್ಯ ರೊನಾಲ್ಡ್ ರಾಸ್ 1883ರಲ್ಲಿ ಬೆಂಗಳೂರಿನ ಬಂಗಲೆಯಲ್ಲಿದ್ದಾಗ, ಸೊಳ್ಳೆಗಳು ನೀರು ತುಂಬಿದ ತೊಟ್ಟಿಯಲ್ಲಿ ಹುಟ್ಟುವುದನ್ನು ಕಂಡು, ನೀರು ಚೆಲ್ಲಿದರೆ ಸೊಳ್ಳೆ ಕಡಿಮೆಯಾಗುವುದನ್ನು ಗಮನಿಸಿದರು. ಮಲೇರಿಯಾ ಸೊಳ್ಳೆಯಿಂದ ಹರಡುತ್ತದೆಂದು ತೋರಿಸಿ 1902ರಲ್ಲಿ ನೊಬೆಲ್ ಪಡೆದ ಅವರು, ಆಮೇಲೆ ಸಮೀಕರಣ ಬರೆಯಲು ಕುಳಿತರು. ಮಲೇರಿಯಾ ನಿಲ್ಲಿಸಲು ಊರಿನ ಎಲ್ಲ ಸೊಳ್ಳೆಗಳನ್ನೂ ಕೊಲ್ಲಬೇಕಾಗಿಲ್ಲ, ಒಂದು ಮಿತಿಗಿಂತ ಕೆಳಗಿಳಿಸಿದರೆ ಸಾಕು ಎಂಬುದು ಅವರ ಲೆಕ್ಕದ ಫಲ. ಗಣಿತದ ಮಾದರಿ ಎಂದರೆ ಇಷ್ಟೇ: ಯಾವುದು ಎಷ್ಟು ವೇಗದಲ್ಲಿ ಹುಟ್ಟುತ್ತದೆ, ಎಷ್ಟು ವೇಗದಲ್ಲಿ ಸಾಯುತ್ತದೆ ಎಂದು ಬರೆದುಕೊಂಡು, ನಾಳೆ ಎಷ್ಟು ಉಳಿಯುತ್ತದೆಂದು ಎಣಿಸುವುದು. ನಮ್ಮ ಊರಿನ ಅಂಗಡಿಯ ಶೆಟ್ಟರ ಜಮಾ ಖರ್ಚಿನ ಪುಸ್ತಕವೂ ಒಂದು ಮಾದರಿಯೇ.

ಈಗ ಮಕ್ಕಳು ಬೇಕಾದರೆ ಬೆರಳು ಮಡಚಿ ಎಣಿಸಲಿ. ಒಂದು ಅರ್ಬುದ ಕೋಶ ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ಹೀಗೆ ಮೂವತ್ತು ಸಲ ಇಮ್ಮಡಿಯಾದರೆ ಎಷ್ಟು? 107 ಕೋಟಿ. ಅಷ್ಟು ಕೋಶಗಳು ಸೇರಿದ ಗಂಟು ಸುಮಾರು ಒಂದು ಸೆಂಟಿಮೀಟರ್, ಒಂದು ಕಡಲೆಕಾಳಿನ ಗಾತ್ರ. ನಮ್ಮ ಕೈಗೆ, ಸ್ಕ್ಯಾನಿಗೆ ಗಂಟು ಸಿಗುವ ಹೊತ್ತಿಗೆ ಅದರ ಸಂಸಾರ ಆಗಲೇ ಅಷ್ಟು ಬೆಳೆದಿರುತ್ತದೆ.

ಕೋಶ ಎರಡಾಗುವಾಗಲೆಲ್ಲ ತನ್ನ ಅನುವಂಶಿಕ ಬರಹವನ್ನು ನಕಲು ಮಾಡಬೇಕು. ನಕಲಿನಲ್ಲಿ ಅಕ್ಷರ ತಪ್ಪುತ್ತದೆ. ಕೋಟಿ ಸಲಕ್ಕೆ ಒಮ್ಮೆ, ಒಂದು ಮದ್ದಿಗೆ ಬಗ್ಗದಂತೆ ಮಾಡುವ ತಪ್ಪು ನಡೆಯುತ್ತದೆಂದು ಇಟ್ಟುಕೊಳ್ಳೋಣ. ಕೋಟಿಗೊಂದು ಎಂದರೆ ಏನೂ ಅಲ್ಲವೆನಿಸುತ್ತದೆ. ಆದರೆ 107 ಕೋಟಿಯ ಸಂಸಾರದಲ್ಲಿ ಅಂಥ ತಪ್ಪು ನೂರು ಸಲವಾದರೂ ಆಗಿರುತ್ತದೆ. ಮದ್ದಿನ ಮೊದಲ ಮಾತ್ರೆ ನಾಲಿಗೆಯ ಮೇಲೆ ಕೂರುವ ಮೊದಲೇ, ಆ ಮದ್ದಿಗೆ ಬಗ್ಗದ ಕೋಶಗಳು ಒಳಗೆ ಕುಳಿತಿರುತ್ತವೆ.

ಮದ್ದು ಕೊಟ್ಟಿದ್ದರಿಂದ ಕೋಶಗಳು ಕಲಿತು ಗಟ್ಟಿಯಾದವೋ, ಮೊದಲೇ ಗಟ್ಟಿಯಾದವು ಇದ್ದವೋ? ಈ ಪ್ರಶ್ನೆಗೆ ಉತ್ತರ ಕೊಟ್ಟವರು 1943ರಲ್ಲಿ ಲೂರಿಯಾ ಮತ್ತು ಡೆಲ್ಬ್ರುಕ್ ಎಂಬ ಇಬ್ಬರು. ಅವರು ಪ್ರಯೋಗ ಮಾಡಿದ್ದು ಅರ್ಬುದದ ಮೇಲಲ್ಲ, ಬ್ಯಾಕ್ಟೀರಿಯಾ ಮತ್ತು ಅದನ್ನು ಕೊಲ್ಲುವ ವೈರಸ್‌ಗಳ ಮೇಲೆ. ಅನೇಕ ನಳಿಕೆಗಳಲ್ಲಿ ಬ್ಯಾಕ್ಟೀರಿಯಾ ಬೇರೆ ಬೇರೆಯಾಗಿ ಬೆಳೆಸಿ, ಎಲ್ಲಕ್ಕೂ ಒಂದೇ ವೈರಸ್ ಹಾಕಿದರು. ಪೆಟ್ಟು ಬಿದ್ದ ಮೇಲೆ ಕಲಿಯುವುದಾದರೆ ಎಲ್ಲ ನಳಿಕೆಗಳಲ್ಲೂ ಹೆಚ್ಚುಕಡಿಮೆ ಒಂದೇ ಸಂಖ್ಯೆ ಬದುಕಬೇಕು. ಹಾಗಾಗಲಿಲ್ಲ. ಹಲವು ನಳಿಕೆಗಳಲ್ಲಿ ಒಂದೂ ಇಲ್ಲ, ಕೆಲವದರಲ್ಲಿ ನೂರಾರು. ಕಾರಣ ನಮ್ಮ ಮನೆತನಗಳಲ್ಲೇ ಇದೆ. ಮುತ್ತಜ್ಜನಿಗೆ ಒಂದು ಗುಣವಿದ್ದರೆ ಇಡೀ ವಂಶಕ್ಕೆ ಅದು ಹರಡುತ್ತದೆ, ಮೊಮ್ಮಗನಲ್ಲಿ ಹೊಸದಾಗಿ ಹುಟ್ಟಿದ ಗುಣ ಅವನೊಬ್ಬನಲ್ಲೇ ಇರುತ್ತದೆ. ತಪ್ಪು ಬೇಗ ನಡೆದ ನಳಿಕೆಯಲ್ಲಿ ಬದುಕಿದವು ಬಹಳ, ತಡವಾಗಿ ನಡೆದಲ್ಲಿ ಸ್ವಲ್ಪ. ಆದ್ದರಿಂದ ಒಂದೇ ರೋಗ, ಒಂದೇ ಮದ್ದು ಇದ್ದರೂ ಇಬ್ಬರು ರೋಗಿಗಳ ಗತಿ ಬೇರೆಯಾಗಬಹುದು. ಇದು ಯಾರ ಪಾಪಕರ್ಮವೂ ಅಲ್ಲ.

ಇದರ ನೋವಿನ ಉದಾಹರಣೆ 1948ರದು. ನಮ್ಮ ನೆರೆಯ ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ ಅಮೆರಿಕದಲ್ಲಿ ಅಮಿನೋಪ್ಟೆರಿನ್ ಎಂಬ ಮದ್ದನ್ನು ತಯಾರಿಸಿತ್ತು. ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಅದನ್ನು ರಕ್ತದ ಅರ್ಬುದದಿಂದ ಸಾಯುತ್ತಿದ್ದ 16 ಮಕ್ಕಳಿಗೆ ಕೊಟ್ಟರು. 10 ಮಕ್ಕಳು ಚೇತರಿಸಿಕೊಂಡರು. ಅದುವರೆಗೆ ಕಾಣದ ಅದ್ಭುತ ಅದು. ಆದರೆ ಕೆಲವು ತಿಂಗಳಲ್ಲಿ ರೋಗ ಮರಳಿತು, ಆಗ ಅದೇ ಮದ್ದು ಕೆಲಸ ಮಾಡಲಿಲ್ಲ.

ಹಾಗಾದರೆ ಉಪಾಯವೇನು? ಮತ್ತೆ ಲೆಕ್ಕ ಮಾಡೋಣ. ಒಂದು ಮದ್ದಿಗೆ ಬಗ್ಗದ ಕೋಶ ಕೋಟಿಗೊಂದು. ಬೇರೆ ರೀತಿಯಲ್ಲಿ ಕೆಲಸ ಮಾಡುವ ಎರಡನೆಯ ಮದ್ದಿಗೆ ಬಗ್ಗದ ಕೋಶವೂ ಕೋಟಿಗೊಂದು. ಎರಡಕ್ಕೂ ಬಗ್ಗದ ಕೋಶ ಕೋಟಿ ಕೋಟಿಗೊಂದು, ಎಂದರೆ ಒಂದರ ಮುಂದೆ 14 ಸೊನ್ನೆ. ನಮ್ಮ 107 ಕೋಟಿಯ ಗಂಟಿನಲ್ಲಿ ಅಂಥದ್ದೊಂದು ಇರುವ ಸಂಭವ ಬಹಳ ಕಡಿಮೆ. ಆದ್ದರಿಂದ ಮದ್ದುಗಳನ್ನು ಒಂದಾದ ಮೇಲೊಂದು ಕೊಡುವ ಬದಲು ಒಟ್ಟಿಗೆ ಕೊಡಬೇಕು. ಕ್ಷಯರೋಗದಲ್ಲಿ ಈ ಪಾಠ ಮೊದಲೇ ಕಲಿತಾಗಿತ್ತು. 1960ರ ದಶಕದಲ್ಲಿ ಅಮೆರಿಕದ ಫ್ರೈ ಮತ್ತು ಫ್ರೈರೈಕ್ ಎಂಬ ವೈದ್ಯರು ಧೈರ್ಯಮಾಡಿ ಮಕ್ಕಳಿಗೆ ನಾಲ್ಕು ಮದ್ದುಗಳನ್ನು ಕೂಡಿಸಿ ಕೊಟ್ಟರು. ಅವುಗಳಲ್ಲಿ ಒಂದು ಅಮಿನೋಪ್ಟೆರಿನ್‌ನ ತಮ್ಮನಾದ ಮೆಥೊಟ್ರೆಕ್ಸೇಟ್. ಇನ್ನೊಂದು, ನಮ್ಮ ಊರಿನ ಅಂಗಳಗಳಲ್ಲಿ ಯಾರೂ ನೀರು ಹಾಕದಿದ್ದರೂ ಹೂ ಬಿಡುವ ನಿತ್ಯಪುಷ್ಪದ ಗಿಡದಿಂದ ತೆಗೆದ ವಿನ್‌ಕ್ರಿಸ್ಟಿನ್. ಆ ದಾರಿಯಲ್ಲಿ ಮುಂದುವರಿದದ್ದರಿಂದ ಇಂದು ಸೌಲಭ್ಯವುಳ್ಳ ಆಸ್ಪತ್ರೆಗಳಲ್ಲಿ ಈ ರೋಗದ ಮಕ್ಕಳಲ್ಲಿ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಮಂದಿ ಗುಣವಾಗುತ್ತಾರೆ.

ಈ ವಿಚಾರವನ್ನು ಅರ್ಬುದಕ್ಕೆ ಸಮೀಕರಣದ ರೂಪದಲ್ಲಿ ಬರೆದವರು 1979ರಲ್ಲಿ ಕೆನಡಾದ ಗೋಲ್ಡೀ ಎಂಬ ವೈದ್ಯರು ಮತ್ತು ಕೋಲ್ಡ್‌ಮನ್ ಎಂಬ ಗಣಿತಜ್ಞರು. ಆದರೆ ಲೆಕ್ಕ ಹೇಳಿದ್ದೆಲ್ಲ ವೇದವಾಕ್ಯವಲ್ಲ. ಎಲ್ಲ ಮದ್ದುಗಳನ್ನೂ ಒಟ್ಟಿಗೆ ದೇಹ ತಾಳಲಾರದಿದ್ದರೆ ಸರದಿಯಂತೆ ಬದಲಿಸಿ ಬದಲಿಸಿ ಕೊಡಿ ಎಂದೂ ಅವರ ಮಾದರಿ ಹೇಳಿತ್ತು. ಹಾಜ್‌ಕಿನ್ಸ್ ಎಂಬ ಅರ್ಬುದದಲ್ಲಿ ಇದನ್ನು ಪರೀಕ್ಷಿಸಿದಾಗ, 1992ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ, ಸರದಿಯ ಎಂಟು ಮದ್ದುಗಳು ಬರೇ ನಾಲ್ಕು ಮದ್ದುಗಳ ಒಂದು ಕೂಟಕ್ಕಿಂತ ಹೆಚ್ಚೇನೂ ಸಾಧಿಸಲಿಲ್ಲ. ಮಾದರಿ ದಾರಿ ತೋರುವ ನಕ್ಷೆ. ದಾರಿಯಲ್ಲಿ ಹೊಳೆ ತುಂಬಿದೆಯೋ ಇಲ್ಲವೋ ಎಂದು ನಡೆದೇ ನೋಡಬೇಕು. ಅದಕ್ಕೇ ರೋಗಿಗಳ ಒಪ್ಪಿಗೆ ಪಡೆದು ನಡೆಸುವ ಪರೀಕ್ಷೆಗಳು ಬೇಕು.

ಈಗ ನಮ್ಮ ಕುಂದಾಪುರದ ಮಿತ್ರರ ಪ್ರಶ್ನೆಗೆ ಬರೋಣ. ಸಿ.ಎಂ.ಎಲ್. ಪತ್ತೆಯಾದಾಗ ದೇಹದಲ್ಲಿ ಸುಮಾರು ಲಕ್ಷ ಕೋಟಿ ರೋಗಕೋಶಗಳಿರುತ್ತವೆಂದು ಅಂದಾಜು. ಮದ್ದಿನಿಂದ ನೂರಕ್ಕೆ 99 ಸತ್ತವೆನ್ನಿ. ರಕ್ತದ ರಿಪೋರ್ಟು ಸರಿಯಾಗಿ ಕಾಣುತ್ತದೆ, ಮನೆಯಲ್ಲಿ ಪಾಯಸ ಮಾಡುತ್ತಾರೆ. ಆದರೆ ಉಳಿದದ್ದೆಷ್ಟು? ಸಾವಿರ ಕೋಟಿ! ನಾವು “ತುಂಬ ಚೆನ್ನಾಗಿದೆ” ಎಂದ ದಿನ ಅವರೊಳಗೆ ಇದ್ದದ್ದು ಇಷ್ಟು.

2005ರಲ್ಲಿ ಫ್ರಾನ್ಜಿಸ್ಕಾ ಮಿಖೋರ್ ಮತ್ತು ಸಂಗಡಿಗರು ಇಮ್ಯಾಟಿನಿಬ್ ತೆಗೆದುಕೊಳ್ಳುತ್ತಿದ್ದ ರೋಗಿಗಳ ಪಿ.ಸಿ.ಆರ್. ಪರೀಕ್ಷೆಯ ಅಂಕಿಗಳನ್ನು ಗಣಿತದಿಂದ ಬಿಡಿಸಿದರು. ಕೊರೋನಾ ಕಾಲದಿಂದ ಪಿ.ಸಿ.ಆರ್. ಎಂಬ ಹೆಸರು ತಮಗೆಲ್ಲ ಪರಿಚಿತವೇ. ರೋಗ ಮೊದಲು ದಿನಕ್ಕೆ ನೂರಕ್ಕೆ 5ರಂತೆ ಇಳಿಯುತ್ತದೆ, ಎಂದರೆ ಎರಡು ವಾರಕ್ಕೆ ಅರ್ಧ. ಆಮೇಲೆ ದಿನಕ್ಕೆ ನೂರಕ್ಕೆ 0.8ರಂತೆ, ಎಂದರೆ ಸುಮಾರು ಮೂರು ತಿಂಗಳಿಗೆ ಅರ್ಧ. ಗುಡ್ಡದಿಂದ ಜರ್ರನೆ ಇಳಿದ ಬಸ್ಸು ಬಯಲಿನಲ್ಲಿ ತೆವಳಿದಂತೆ. ಆ ಇಳಿಜಾರಿನ ಕೊನೆಯಲ್ಲಿ ರೋಗದ ಬೇರಾದ ಕಾಂಡಕೋಶಗಳಿವೆ, ಮದ್ದು ಅವನ್ನು ಅಷ್ಟಾಗಿ ಮುಟ್ಟುವುದಿಲ್ಲವೆಂಬುದು ಅವರ ಮಾದರಿಯ ಅಭಿಪ್ರಾಯ. ಇತರರು ಬೇರೆ ಮಾದರಿ ಕಟ್ಟಿ, ಕಾಂಡಕೋಶಗಳೂ ನಿಧಾನವಾಗಿ ಕರಗುತ್ತವೆ ಎಂದು ವಾದಿಸಿದರು. ಈ ವಾದಗಳು ನಡೆಯುತ್ತಿದ್ದ ವರ್ಷಗಳಲ್ಲೇ ಫ್ರಾನ್ಸಿನ ವೈದ್ಯರು ಮದ್ದು ನಿಲ್ಲಿಸಿ ನೋಡುವ ಪರೀಕ್ಷೆ ಕೈಗೊಂಡರು. ಎರಡು ವರ್ಷಕ್ಕೂ ಹೆಚ್ಚು ಕಾಲ ಅತಿಸೂಕ್ಷ್ಮ ಪರೀಕ್ಷೆಗೂ ರೋಗ ಸಿಗದಿದ್ದ 100 ಮಂದಿಯಲ್ಲಿ ಮದ್ದು ನಿಲ್ಲಿಸಿದರು. 2010ರ ವರದಿಯ ಪ್ರಕಾರ ಒಂದು ವರ್ಷದ ಕೊನೆಗೆ ನೂರಕ್ಕೆ ಸುಮಾರು 40 ಮಂದಿಯಲ್ಲಿ ರೋಗ ಮರಳಲಿಲ್ಲ. ಉಳಿದವರಲ್ಲಿ ಮರಳಿತು, ಹೆಚ್ಚಾಗಿ ಮೊದಲ ಆರು ತಿಂಗಳಲ್ಲೇ.

ದಯವಿಟ್ಟು ಇದನ್ನು ಅರ್ಧ ಕೇಳಿ ಮನೆಗೆ ಹೋಗಬೇಡಿ. ಅವರು ನಿಲ್ಲಿಸಿದ್ದು ವರ್ಷಗಟ್ಟಲೆ ತಪ್ಪದೆ ಮದ್ದು ತೆಗೆದುಕೊಂಡ ಮೇಲೆ, ಆಗಾಗ್ಗೆ ಪಿ.ಸಿ.ಆರ್. ಮಾಡಿಸುತ್ತ, ವೈದ್ಯರ ಕಣ್ಣಳತೆಯಲ್ಲಿ. ಬಿಟ್ಟು ಬಿಟ್ಟು ತೆಗೆದುಕೊಳ್ಳುವವರ ಗತಿ ಬೇರೆ. ಅದೇ 2010ರಲ್ಲಿ ಲಂಡನ್ನಿನಿಂದ ಬಂದ ಅಧ್ಯಯನದಲ್ಲಿ, ನೂರಕ್ಕೆ 80 ಅಥವಾ ಅದಕ್ಕಿಂತ ಕಡಿಮೆ ಮಾತ್ರೆ ತೆಗೆದುಕೊಂಡವರಲ್ಲಿ ಒಬ್ಬರಿಗೂ ರೋಗ ಬೇಕಾದಷ್ಟು ಆಳಕ್ಕೆ ಇಳಿಯಲಿಲ್ಲ. ನೂರಕ್ಕೆ 80 ಎಂದರೆ ತಿಂಗಳಿಗೆ ಆರು ಮಾತ್ರೆ ತಪ್ಪಿಸಿದಂತೆ. ನಮ್ಮ ಮಿತ್ರರು ತಪ್ಪಿಸಿದ್ದು ಹದಿನೈದು.

ಮಾತ್ರೆ ತಪ್ಪಿಸಿದ್ದರಿಂದಲೇ ಅವರ ರೋಗ ಬದಲಾಯಿತೆಂದು ಪ್ರಮಾಣ ಮಾಡಿ ಹೇಳಲಾರೆವು. ಬಗ್ಗದ ಕೋಶ ಮೊದಲೇ ಇದ್ದಿರಬಹುದು. ಆದರೆ ಲೆಕ್ಕ ಒಂದು ಮಾತನ್ನು ಸ್ಪಷ್ಟವಾಗಿ ಹೇಳುತ್ತದೆ. ಕೋಶಗಳು ಎಷ್ಟು ಹೆಚ್ಚು ಉಳಿದು, ಎಷ್ಟು ಹೆಚ್ಚು ಸಲ ಎರಡಾಗುತ್ತವೋ ಅಷ್ಟು ಲಾಟರಿ ಚೀಟಿಗಳು ರೋಗದ ಕೈಗೆ ಸಿಗುತ್ತವೆ. ದಿನವೂ ನುಂಗುವ ಮಾತ್ರೆ ಆ ಚೀಟಿಗಳನ್ನು ಹರಿದು ಹಾಕುತ್ತದೆ. “ಇನ್ನೆಂತಕ್ಕೆ ಮದ್ದು?” ಎಂದ ದಿನ ನಾವು ಹೇಳಬೇಕಾಗಿದ್ದ ಮಾತು ಇದು. ಕಾಗದದ ಮೇಲೆ ನಾಲ್ಕು ಸೊನ್ನೆ ಬರೆದು ತೋರಿಸಿದ್ದರೆ, ಲೋಡಿನ ತೂಕ ಎಣಿಸಿ ಕ್ರೇನ್ ಎತ್ತುವ ಆ ಮನುಷ್ಯನಿಗೆ ಅರ್ಥವಾಗದೆ ಇರುತ್ತಿರಲಿಲ್ಲ.

ಇನ್ನೊಂದು ಹೊಸ ವಿಚಾರ ಹೇಳಿ ಮುಗಿಸುತ್ತೇವೆ. ರಾಯಚೂರು ಕಡೆಯವರು ಇಲ್ಲಿದ್ದರೆ ಅವರಿಗೆ ತಟ್ಟನೆ ಹೊಳೆಯುತ್ತದೆ. ಬಿ.ಟಿ. ಹತ್ತಿ ಬಿತ್ತುವಾಗ ಹೊಲದ ಅಂಚಿನಲ್ಲಿ ಕೆಲವು ಸಾಲು ಸಾಧಾರಣ ಹತ್ತಿ ಹಾಕಬೇಕೆಂಬ ನಿಯಮವಿತ್ತು. ಅಲ್ಲಿ ಸಾಧಾರಣ ಹುಳುಗಳು ಬದುಕಿಕೊಂಡಿದ್ದರೆ, ವಿಷಕ್ಕೆ ಬಗ್ಗದ ಹುಳುಗಳ ಸಂತಾನ ಒಂದೇ ಸಮನೆ ಹೆಚ್ಚುವುದಿಲ್ಲ. ಹೆಚ್ಚಿನವರು ಹಾಕಲಿಲ್ಲ, ಗುಲಾಬಿ ಕಾಯಿಕೊರಕ ಬಿ.ಟಿ. ಹತ್ತಿಯನ್ನೂ ತಿನ್ನತೊಡಗಿತು. ಅಮೆರಿಕದ ಫ್ಲಾರಿಡಾದಲ್ಲಿ ರಾಬರ್ಟ್ ಗೇಟನ್‌ಬಿ ಎಂಬ ವೈದ್ಯರು ಇದೇ ಬಗೆಯ ಕೀಟ ನಿರ್ವಹಣೆಯ ತತ್ತ್ವವನ್ನು ಅರ್ಬುದಕ್ಕೆ ಅನ್ವಯಿಸಿದರು. ಹರಡಿದ ಅರ್ಬುದ ಪೂರ್ತಿ ಗುಣವಾಗದು ಎಂದಾದರೆ, ಮದ್ದಿಗೆ ಬಗ್ಗುವ ಕೋಶಗಳನ್ನೆಲ್ಲ ಕೊಂದು ಬಗ್ಗದವುಗಳಿಗೆ ಹೊಲ ಬಿಟ್ಟುಕೊಡುವುದೇಕೆ? ಪ್ರಾಸ್ಟೇಟ್ ಅರ್ಬುದದಲ್ಲಿ, ರಕ್ತದ ಪಿ.ಎಸ್.ಎ. ಅರ್ಧಕ್ಕಿಳಿದಾಗ ಮದ್ದು ನಿಲ್ಲಿಸಿ, ಮೊದಲಿನ ಮಟ್ಟಕ್ಕೆ ಏರಿದಾಗ ಮತ್ತೆ ಕೊಟ್ಟರು. 2022ರ ಅವರ ವರದಿಯಲ್ಲಿ ಹೀಗೆ ಚಿಕಿತ್ಸೆ ಪಡೆದ 17 ಮಂದಿಯಲ್ಲಿ ರೋಗ ಉಲ್ಬಣಿಸಲು ಹಿಡಿದ ಮಧ್ಯಮ ಕಾಲ 33.5 ತಿಂಗಳು, ಎಂದಿನಂತೆ ಮದ್ದು ಪಡೆದ 16 ಮಂದಿಯಲ್ಲಿ 14.3 ತಿಂಗಳು. ಸಂಖ್ಯೆ ಚಿಕ್ಕದು, ಚೀಟಿ ಎತ್ತಿ ಹಂಚಿದ ಪರೀಕ್ಷೆಯೂ ಅಲ್ಲ. ದೊಡ್ಡ ಪರೀಕ್ಷೆಗಳು ಮುಗಿಯುವವರೆಗೆ ಇದು ಆಶೆಯೇ ಹೊರತು ಪದ್ಧತಿಯಲ್ಲ. ಇದನ್ನು ನೆಪಮಾಡಿ ತಾನಾಗಿ ಮದ್ದು ನಿಲ್ಲಿಸುವವರಿಗೆ ರಿಯಾಯಿತಿಯಿಲ್ಲ!

ನಮಗೆ ಹೆಮ್ಮೆಯ ಸಂಗತಿಯೆಂದರೆ ಈ ಕೆಲಸ ದೂರದ ದೇಶಗಳಲ್ಲಿ ಮಾತ್ರ ನಡೆಯುತ್ತಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ನಮ್ಮವರು ಈಗಲೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಆ ಮರಗಳ ನೆರಳಿನಲ್ಲಿ, ಮೋಹಿತ್ ಕುಮಾರ್ ಜಾಲಿ ಅವರ ತಂಡ ಅರ್ಬುದ ಕೋಶಗಳು ವೇಷ ಬದಲಿಸಿ ಮದ್ದಿನಿಂದ ತಪ್ಪಿಸಿಕೊಳ್ಳುವ ಬಗೆಯನ್ನು ಗಣಿತದಿಂದ ಹಿಡಿಯುತ್ತಿದೆ. ಬರಹದ ಅಕ್ಷರ ತಪ್ಪದೆಯೇ, ಯಕ್ಷಗಾನದಲ್ಲಿ ಒಬ್ಬನೇ ಕಲಾವಿದ ಸಂಜೆ ಬಾಲಗೋಪಾಲನಾಗಿ ನಡುರಾತ್ರಿ ರಾಕ್ಷಸನಾಗಿ ಬರುವಂತೆ, ಕೋಶವೂ ರೂಪ ಬದಲಿಸಬಲ್ಲದು. ಇತ್ತ 1973ರಲ್ಲಿ ಆರಂಭವಾದ ಕಿದ್ವಾಯಿ ಸಂಸ್ಥೆ ನಾಡಿನ ಮೂಲೆ ಮೂಲೆಯ ಬಡವರಿಗೆ ಆಸರೆಯಾಗಿದೆ. ಲೆಕ್ಕ ಮಾಡುವವರೂ ಚಿಕಿತ್ಸೆ ಮಾಡುವವರೂ ಒಂದೇ ಊರಿನಲ್ಲಿದ್ದಾರೆ. ಇಂದು ಇಲ್ಲಿ ಬಹುಮಾನ ಪಡೆಯುವ ಮಕ್ಕಳಲ್ಲಿ ಗಣಿತ ಇಷ್ಟಪಡುವವರಿದ್ದರೆ, ವೈದ್ಯರಾಗದೆಯೂ ರೋಗಿಯ ಜೀವ ಉಳಿಸಬಹುದೆಂಬುದನ್ನು ನೆನಪಿಡಿ.

ಹಿರಿಯರಲ್ಲಿ ನಮ್ಮ ಅರಿಕೆ ಇಷ್ಟು. ದೀರ್ಘಕಾಲದ ಮದ್ದಿರುವವರು ರಜೆಗೆ ಹೊರಡುವಾಗ ಟಿಕೇಟಿಗಿಂತ ಮೊದಲು ಮಾತ್ರೆ ಎಣಿಸಿ. ಊರಿನಿಂದ ತರಿಸುವವರು ಕೊನೆಯ ಪಟ್ಟಿ ಒಡೆಯುವವರೆಗೆ ಕಾಯಬೇಡಿ, ವೈದ್ಯರ ಚೀಟಿಯನ್ನು ಜೊತೆಗೇ ಇಡಿ. ಹಣದ ಅಡಚಣೆಯಿದ್ದರೆ ಮಾತ್ರೆ ಅರ್ಧ ಮಾಡುವ ಮೊದಲು ವೈದ್ಯರಿಗೆ ಹೇಳಿ. ವೈದ್ಯರಿಗೆ ಹೇಳಲು ಸಂಕೋಚವಾದರೆ ಸಂಘದ ಯಾರಿಗಾದರೂ ಹೇಳಿ. ತಂಗಿಯ ಮದುವೆಗೆ ಚಂದಾ ಎತ್ತುವ ಊರಿನವರು ನಾವು, ಅಣ್ಣನ ಮದ್ದಿಗೆ ಎತ್ತಲಾರೆವೇ? ವೈದ್ಯ ಮಿತ್ರರಲ್ಲಿ ಒಂದು ಮಾತು: ರಿಪೋರ್ಟು ಚೆನ್ನಾಗಿ ಬಂದ ದಿನವೇ “ಮಾತ್ರೆ ಎಷ್ಟು ಉಳಿದಿದೆ?” ಎಂದು ಕೇಳೋಣ. ನಾವು ಅಂದು ಕೇಳಲಿಲ್ಲ. ಅಂದಿನಿಂದ ಕೇಳದೆ ಯಾರನ್ನೂ ಕಳುಹಿಸಿಲ್ಲ.

ಹೋಳಿಗೆಯ ವಾಸನೆ ಬರುತ್ತಿದೆ. ಸಂಘ ನೂರ್ಕಾಲ ಬಾಳಲಿ.